ಜಗಳ ಬಿಡಿಸುವ ಮುನ್ನ

ಮಕ್ಕಳ ಜಗಳವನ್ನು ಗಡಿಯಾರ ಹಿಡಿದು ಅಳೆದವರಿದ್ದಾರೆ. ಅಮೆರಿಕದ ಹೆಲೆನ್ ಡಾವ್ ಎಂಬ ಸಂಶೋಧಕಿ ಶಿಶುವಿಹಾರದಲ್ಲಿ ಕುಳಿತು, ಎರಡರಿಂದ ಐದು ವರ್ಷದ ಮಕ್ಕಳ ನಡುವೆ ತಾವಾಗಿಯೇ ಹುಟ್ಟಿಕೊಂಡ 200 ಜಗಳಗಳನ್ನು ಒಂದೊಂದಾಗಿ ಬರೆದಿಟ್ಟುಕೊಂಡು, 1934ರಲ್ಲಿ ಅವುಗಳ ವಿಶ್ಲೇಷಣೆಯನ್ನು ಪ್ರಕಟಿಸಿದರು. ಯಾತಕ್ಕೆ ಶುರುವಾಯಿತು, ಯಾರು ಏನು ಮಾಡಿದರು, ಹೇಗೆ ಮುಗಿಯಿತು, ಮುಗಿದ ಮೇಲೆ ಮಕ್ಕಳ ಮುಖ ಹೇಗಿತ್ತು ಎಂಬುದನ್ನೆಲ್ಲ ಗುರುತು ಮಾಡಿಕೊಂಡಿದ್ದರು. ಒಂದು ಜಗಳದ ಸರಾಸರಿ ಆಯಸ್ಸು ಸುಮಾರು 23 ಸೆಕೆಂಡು. ಹೆಚ್ಚಿನವು ಯಾವುದಾದರೊಂದು ವಸ್ತುವಿಗಾಗಿ ನಡೆದ ಕಿತ್ತಾಟಗಳು. ಮುಗಿದ ಮೇಲೆ ಬಹುಪಾಲು ಮಕ್ಕಳು ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಮತ್ತೆ ಆಟಕ್ಕಿಳಿದಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತೇವೆ. ಮಕ್ಕಳ ಜಗಳ ಅಷ್ಟು ಹೊತ್ತು ಕಾಯುವುದಿಲ್ಲ.

ಈ 23 ಸೆಕೆಂಡಿನಲ್ಲಿ ನಾವು ದೊಡ್ಡವರು ಎಲ್ಲಿರುತ್ತೇವೆ? ಸಾಮಾನ್ಯವಾಗಿ ಓಡಿ ಬರುತ್ತಿರುತ್ತೇವೆ. ಚೀರಾಟ ಕಿವಿಗೆ ಬಿದ್ದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಇಬ್ಬರನ್ನೂ ಆಚೀಚೆ ಎಳೆದು, "ಯಾರು ಮೊದಲು ಹೊಡೆದಿದ್ದು?" ಎಂದು ವಿಚಾರಣೆ ಆರಂಭಿಸುತ್ತೇವೆ. ಒಬ್ಬರು ತಪ್ಪಿತಸ್ಥರಾಗುತ್ತಾರೆ, "ಸಾರಿ ಹೇಳು" ಎಂದು ಅಪ್ಪಣೆಯಾಗುತ್ತದೆ, ಆಟಿಕೆ ಅಟ್ಟ ಸೇರುತ್ತದೆ. ಸದ್ದಡಗಿತಲ್ಲ ಎಂದುಕೊಂಡು ನಾವು ಒಳಗೆ ಹೋಗುತ್ತೇವೆ. ಅಷ್ಟರಲ್ಲಿ ಆ ಎರಡು ಮಕ್ಕಳ ಕೈಯಿಂದ ಒಂದು ಪಾಠ ಜಾರಿಹೋಗಿರುತ್ತದೆ. ತನಗೆ ಬೇಕಾದಷ್ಟೇ ಗಟ್ಟಿಯಾಗಿ ಬೇಕು ಎನ್ನುವ ಇನ್ನೊಂದು ಜೀವ ಎದುರಿಗಿದೆ ಎಂಬುದು ಮಗುವಿಗೆ ಜಗಳದಲ್ಲಿ ತಿಳಿದಷ್ಟು ಚೆನ್ನಾಗಿ ಬೇರೆಲ್ಲೂ ತಿಳಿಯದು. ಆ ಜಗಳವನ್ನು ಮಕ್ಕಳ ಕೈಯಿಂದ ಕಿತ್ತುಕೊಳ್ಳದೆ, ಹಾಗೆಂದು ಅವರನ್ನು ಅವರ ಪಾಡಿಗೆ ಬಿಟ್ಟುಬಿಡದೆ, ಬಗೆಹರಿಸುವುದನ್ನು ಕಲಿಸಲು ಬರುತ್ತದೆ. ಹೇಗೆ ಎಂಬುದರ ಬಗ್ಗೆ ವಿಜ್ಞಾನಕ್ಕೆ ಈಗ ಸಾಕಷ್ಟು ಗೊತ್ತಿದೆ, ಅದು ನಮ್ಮ ಮನೆ ಮತ್ತು ಅಂಗನವಾಡಿಗಳಿಗೆ ಮಾತ್ರ ಇನ್ನೂ ಸರಿಯಾಗಿ ತಲುಪಿಲ್ಲ ಎಂಬುದು ನನ್ನ ಬೇಸರ.

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಜಗಳವೆಂದರೆ ಹೊಡೆದಾಟವೇ ಎಂದು ನಾವು ತಿಳಿದಿರುತ್ತೇವೆ. ಕ್ಯಾರೊಲಿನ್ ಶಾಂಟ್ಸ್ ಎಂಬ ಮನೋವಿಜ್ಞಾನಿ 1987ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಇವೆರಡನ್ನು ಬೇರೆ ಬೇರೆಯಾಗಿಯೇ ಕಾಣಬೇಕೆಂದು ವಾದಿಸಿದರು. ಒಬ್ಬ ಒಂದು ಮಾಡುತ್ತಾನೆ, ಇನ್ನೊಬ್ಬ ಬೇಡ ಅನ್ನುತ್ತಾನೆ, ಮೊದಲಿನವನು ಪಟ್ಟು ಬಿಡುವುದಿಲ್ಲ. ಅಲ್ಲಿಗೆ ಜಗಳವಾಯಿತು. ಹೊಡೆತ, ಕಚ್ಚುವುದು, ಜುಟ್ಟು ಹಿಡಿದು ಎಳೆಯುವುದು ಅದರೊಳಗೆ ಬಂದರೂ ಬರಬಹುದು, ಬಾರದೆಯೂ ಇರಬಹುದು. ಮಕ್ಕಳ ಬಹಳಷ್ಟು ಜಗಳಗಳಲ್ಲಿ ಬರುವುದೇ ಇಲ್ಲ. ನಾವು ತಡೆಯಬೇಕಾದದ್ದು ಹೊಡೆತವನ್ನು.

ಎದುರಿನವನು ಕೈಯಲ್ಲಿರುವುದನ್ನು ಕಿತ್ತುಕೊಂಡಾಗ ಹೊಡೆಯದೆ ಮಾತಾಡಬೇಕಾದರೆ ಪುಟ್ಟ ತಲೆಯೊಳಗೆ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಒಂದು, ಮೇಲೆದ್ದ ಕೈಯನ್ನು ತಡೆಯುವುದು. ಅಡೆಲ್ ಡೈಮಂಡ್ ಮತ್ತು ಸಂಗಡಿಗರು 1994ರಲ್ಲಿ ವರದಿ ಮಾಡಿದ ಪ್ರಯೋಗವೊಂದು ಇದು ಎಷ್ಟು ಕಷ್ಟವೆಂದು ತೋರಿಸುತ್ತದೆ. ಮಗುವಿಗೆ ಸೂರ್ಯನ ಚಿತ್ರ ತೋರಿಸಿದಾಗ "ರಾತ್ರಿ" ಎನ್ನಬೇಕು, ಚಂದ್ರನನ್ನು ತೋರಿಸಿದಾಗ "ಹಗಲು" ಎನ್ನಬೇಕು. ಆಟ ಅಷ್ಟೇ. ನಿಯಮ ಮಗುವಿಗೆ ಅರ್ಥವಾಗಿರುತ್ತದೆ, ಆದರೂ ಐದು ವರ್ಷದೊಳಗಿನ ಮಕ್ಕಳು ಮೇಲಿಂದ ಮೇಲೆ ತಪ್ಪುತ್ತಾರೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಇನ್ನೊಂದನ್ನು ಹೇಳಲು ಬೇಕಾದ ಮಿದುಳಿನ ಮುಂಭಾಗ ಆ ವಯಸ್ಸಿನಲ್ಲಿ ಇನ್ನೂ ಬೆಳೆಯುತ್ತಿರುತ್ತದೆ. ಚಿತ್ರದ ಮುಂದೆ ತಣ್ಣಗೆ ಕುಳಿತಾಗಲೇ ಹೀಗಾದರೆ, ಸಿಟ್ಟು ನೆತ್ತಿಗೇರಿದಾಗ? ಹಾಗಾಗಿ "ನಿನ್ನೆ ತಾನೇ ಹೇಳಿದ್ದೆ, ಹೊಡೀಬಾರ್ದು ಅಂತ" ಎಂದು ನಾಲ್ಕರ ಮಗುವನ್ನು ಗದರುವುದು ನನಗೆ ಅನ್ಯಾಯವೆನಿಸುತ್ತದೆ. ಗೊತ್ತಿಲ್ಲದೆ ಅದು ಹೊಡೆಯಲಿಲ್ಲ. ತಡೆದುಕೊಳ್ಳುವ ಶಕ್ತಿ ಇನ್ನೂ ಕೈಗೂಡಿಲ್ಲ.

ಎರಡನೆಯ ಕೆಲಸ, ಎದುರಿನವರ ತಲೆಯೊಳಗೆ ಏನಿದೆಯೆಂದು ಊಹಿಸುವುದು. ಹೈಂಟ್ಸ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳಿಗೆ ಒಂದು ಕಥೆ ಹೇಳಿದರು. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ, ಅವನಿಲ್ಲದಾಗ ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಸಾಗಿಸುತ್ತಾಳೆ. ಹಸಿದು ಬಂದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಹೊಸ ಕಪಾಟನ್ನೇ ತೋರಿಸುತ್ತವೆ. ತಮಗೆ ಗೊತ್ತಿರುವುದು ಮ್ಯಾಕ್ಸಿಗೆ ಗೊತ್ತಿಲ್ಲ ಎಂಬುದು ಅವುಗಳಿಗೆ ಹೊಳೆಯುವುದಿಲ್ಲ. ನಾಲ್ಕರಿಂದ ಐದರ ಸುಮಾರಿಗೆ ಹೊಳೆಯತೊಡಗುತ್ತದೆ. ತಾನು ಕಟ್ಟಿದ ಗೋಪುರವನ್ನು ಗೆಳೆಯ ಬೇಕೆಂದೇ ಬೀಳಿಸಲಿಲ್ಲ, ಹಿಂದೆ ಸರಿದಾಗ ಕಾಲು ತಾಗಿತು ಎಂದು ಒಪ್ಪಿಕೊಳ್ಳಲು ಇದೇ ಹೊಳಹು ಬೇಕು.

ಈ ಹೊಳಹು ಬರೀ ವಯಸ್ಸಿನಿಂದ ಬರುವುದಲ್ಲ. ಅಣ್ಣತಮ್ಮ ಅಕ್ಕತಂಗಿಯರ ಕದನಗಳನ್ನು ಮನೆಗಳಿಗೇ ಹೋಗಿ ವರ್ಷಗಟ್ಟಲೆ ಗಮನಿಸಿದ ಜೂಡಿ ಡನ್ ಅದಕ್ಕೆ ಒಳ್ಳೆಯ ಸಾಕ್ಷ್ಯ ಒದಗಿಸಿದ್ದಾರೆ. ಅವರ ತಂಡ 1991ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 33 ತಿಂಗಳಿದ್ದಾಗ ಯಾವ ಮಕ್ಕಳ ಮನೆಯಲ್ಲಿ ಭಾವನೆಗಳ ಬಗ್ಗೆ, ಅವುಗಳ ಕಾರಣದ ಬಗ್ಗೆ ಹೆಚ್ಚು ಮಾತು ನಡೆದಿತ್ತೋ, ಆ ಮಕ್ಕಳು 40 ತಿಂಗಳ ಹೊತ್ತಿಗೆ ಮ್ಯಾಕ್ಸಿಯ ಕಥೆಯಂಥ ಪರೀಕ್ಷೆಗಳಲ್ಲಿ ಮುಂದಿದ್ದರು. "ತಂಗಿ ಯಾಕೆ ಅಳ್ತಿದಾಳೆ?", "ನೀನು ಹಾಗಂದಿದ್ದಕ್ಕೆ ಅಜ್ಜಿಗೆ ಬೇಜಾರಾಯ್ತು" ಎಂಬಂಥ, ನಾವು ಮಾತೆಂದೇ ಲೆಕ್ಕಕ್ಕಿಡದ ಮಾತುಗಳು ಇವು.

ಅಮ್ಮನ ಜೊತೆ, ಟೀಚರ್ ಜೊತೆ ಮಗು ವಾದಿಸುತ್ತದಲ್ಲ, ಅದು ಸಾಲದೇ? ಸಾಲದು ಎಂದವರು ಜೀನ್ ಪಿಯಾಜೆ. 1932ರಲ್ಲಿ ಬಂದ ಅವರ ಪುಸ್ತಕ ಮಕ್ಕಳ ನೈತಿಕ ತೀರ್ಮಾನಗಳ ಬಗೆಗಿನದು. ಅದು ಆರಂಭವಾಗುವುದು ಗೋಲಿಯಾಟದಿಂದ. ಜಿನೀವಾ ಮತ್ತು ನ್ಯೂಶಾಟೆಲಿನ ಹುಡುಗರ ಮುಂದೆ ಕುಳಿತು, ಆಟ ಹೇಗೆಂದು ತಮಗೆ ಕಲಿಸಿಕೊಡಿ ಎಂದು ಕೇಳಿಕೊಂಡು ಅವರು ಅಧ್ಯಯನ ನಡೆಸಿದರು. ಐದಾರು ವರ್ಷದವರಿಗೆ ಆಟದ ನಿಯಮವೆಂದರೆ ದೊಡ್ಡವರಿಂದ ಬಂದದ್ದು, ಬದಲಾಯಿಸಲು ಬಾರದ್ದು. ಹತ್ತು ಹನ್ನೊಂದರ ಹುಡುಗರಿಗೆ ಅದು ಎಲ್ಲರೂ ಒಪ್ಪಿದರೆ ಬದಲಾಯಿಸಬಹುದಾದ ಒಡಂಬಡಿಕೆ. ಈ ನಡುವಿನ ದಾರಿಯನ್ನು ಸವೆಸಿದ್ದು ಸಮಾನರ ನಡುವಿನ ವಾದವಿವಾದ ಎಂಬುದು ಪಿಯಾಜೆಯ ನಿಲುವು. ಅಪ್ಪ ಹೇಳಿದರೆ ಮಗು ಒಪ್ಪುವುದು ಅವನು ಅಪ್ಪನೆಂಬ ಕಾರಣಕ್ಕೆ. ಪಕ್ಕದ ಮನೆಯ ಓರಗೆಯವನು ಹೇಳಿದರೆ ಕಾರಣ ಕೇಳಲೇಬೇಕು, ತನ್ನ ಕಾರಣವನ್ನೂ ಕೊಡಲೇಬೇಕು. ಒಪ್ಪದಿದ್ದರೆ ಅವನು ಗೋಲಿ ಎತ್ತಿಕೊಂಡು ಮನೆಗೆ ಹೋಗುತ್ತಾನೆ, ಆಟ ನಿಲ್ಲುತ್ತದೆ. ಆಟ ನಿಲ್ಲಬಾರದೆಂಬ ಆಸೆಯೇ ರಾಜಿಯನ್ನು ಕಲಿಸುತ್ತದೆ.

ನಮ್ಮ ಬೀದಿಗಳ ಮಕ್ಕಳು ಇದಕ್ಕಾಗಿ ಕಟ್ಟಿಕೊಂಡಿರುವ ಕಾಯಿದೆ ಕಟ್ಟಲೆಗಳನ್ನು ಯಾರಾದರೂ ಕೂತು ದಾಖಲಿಸಬೇಕು. ಇಂಗ್ಲೆಂಡಿನಲ್ಲಿ ಐಯೋನಾ ಮತ್ತು ಪೀಟರ್ ಓಪಿ ದಂಪತಿ 1959ರ ತಮ್ಮ ಪುಸ್ತಕದಲ್ಲಿ, ಮಕ್ಕಳು ಆಟದ ನಡುವೆ ವಿರಾಮ ಕೇಳಲು ಯಾವ ಊರಿನಲ್ಲಿ ಯಾವ ಕೂಗು ಬಳಸುತ್ತಾರೆಂದು ಪಟ್ಟಿ ಮಾಡಿಟ್ಟರು. ನಮ್ಮಲ್ಲಿ ಓಡುತ್ತಿದ್ದವನು ಥಟ್ಟನೆ ನಿಂತು "ಟೈಮ್ ಪ್ಲೀಸ್" ಎಂದರೆ ಹಿಡಿಯಲು ಬಂದವನ ಕೈ ಹಾಗೆಯೇ ನಿಲ್ಲುತ್ತದೆ. ಟೂ ಬಿಡುವುದಕ್ಕೆ ಒಂದು ಕ್ರಮ, ಮತ್ತೆ ರಾಜಿಯಾಗುವುದಕ್ಕೆ ಇನ್ನೊಂದು ಕ್ರಮವಿದೆ. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು "ಆಟಕ್ಕುಂಟು ಲೆಕ್ಕಕ್ಕಿಲ್ಲ" ಎಂಬ ಏರ್ಪಾಡು. ಅಕ್ಕನ ಸೆರಗು ಹಿಡಿದು ಬಂದ ಮೂರು ವರ್ಷದ ತಮ್ಮನನ್ನು ಸೇರಿಸಿಕೊಂಡರೆ ಆಟ ಕೆಡುತ್ತದೆ, ಬಿಟ್ಟರೆ ಅವನು ಅಳುತ್ತಾನೆ. ಅವನೂ ಓಡಲಿ, ಅವಿತುಕೊಳ್ಳಲಿ, ಆದರೆ ಸಿಕ್ಕಿಬಿದ್ದರೆ ಔಟಿಲ್ಲ ಎಂದು ಮಕ್ಕಳು ತೀರ್ಮಾನಿಸುತ್ತಾರೆ. ಯಾವ ಹಿರಿಯರೂ ಕೂತು ರೂಪಿಸದ ಈ ಪರಿಹಾರದಲ್ಲಿ ದುರ್ಬಲನಿಗೆ ಜಾಗವಿದೆ, ಆಟಕ್ಕೆ ನ್ಯಾಯವೂ ಇದೆ.

ಹಾಗಾದರೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಸಾಕೇ? ಇಲ್ಲಿ ಪಿಯಾಜೆಯನ್ನು ಪೂರ್ತಿ ನಂಬಿ ಕೂರುವಂತಿಲ್ಲ. ಬ್ರೆಟ್ ಲಾರ್ಸೆನ್ ಮತ್ತು ಸಂಗಡಿಗರು ಹತ್ತಾರು ಅಧ್ಯಯನಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ 2001ರಲ್ಲಿ ವಿಶ್ಲೇಷಿಸಿದಾಗ, ಸಣ್ಣ ಮಕ್ಕಳ ನಿಜವಾದ ಜಗಳಗಳು ಹೆಚ್ಚಾಗಿ ಮುಗಿಯುವುದು ಬಲವಂತದಿಂದ ಎಂದು ಕಂಡುಬಂತು. ಗಟ್ಟಿಗ ಕಿತ್ತುಕೊಳ್ಳುತ್ತಾನೆ, ಮೆತ್ತಗಿನವಳು ಬಿಟ್ಟುಕೊಡುತ್ತಾಳೆ. ಮಾತುಕತೆಯಿಂದ ಬಗೆಹರಿಸುವುದು ವಯಸ್ಸಾದಂತೆ ಹೆಚ್ಚುತ್ತದೆ. ಕುತೂಹಲದ ಸಂಗತಿಯೆಂದರೆ, "ಹೀಗಾದರೆ ಏನು ಮಾಡ್ತೀಯ?" ಎಂದು ಕಥೆಯ ರೂಪದಲ್ಲಿ ಕೇಳಿದರೆ ಮಕ್ಕಳು ಮಾತುಕತೆಯ ಉತ್ತರವನ್ನೇ ಕೊಡುತ್ತಾರೆ. ಉತ್ತರ ಗೊತ್ತಿದೆ, ಬಿಸಿಯಲ್ಲಿ ಅದು ಒದಗುವುದಿಲ್ಲ. ಗೆಳೆತನ ಇದ್ದಲ್ಲಿ ಮಾತ್ರ ಸ್ವಲ್ಪ ಬೇರೆ. ವಿಲಾರ್ಡ್ ಹಾರ್ಟಪ್ ಅವರ ತಂಡ 1988ರಲ್ಲಿ ತೋರಿಸಿದಂತೆ ಪುಟ್ಟ ಗೆಳೆಯರ ನಡುವಿನ ಜಗಳದ ಕಾವು ಕಡಿಮೆ, ಇಬ್ಬರಿಗೂ ಹೆಚ್ಚುಕಡಿಮೆ ಸಮನಾದ ಫಲ ಸಿಗುವ ಸಂಭವ ಹೆಚ್ಚು, ಜಗಳದ ಬಳಿಕವೂ ಅವರು ಜೊತೆಯಲ್ಲೇ ಉಳಿಯುತ್ತಾರೆ.

ಹತ್ತಿರವಿದ್ದೂ ಕೈಹಾಕದೆ ಇರುವುದು ಹೇಗೆಂದು ನೋಡಬೇಕಾದರೆ ಜಪಾನಿನ ಕ್ಯೋಟೋ ನಗರದ ಕೊಮಾತ್ಸುದಾನಿ ಎಂಬ ಶಿಶುವಿಹಾರಕ್ಕೆ ಹೋಗಬೇಕು. ಬೌದ್ಧ ದೇವಾಲಯವೊಂದರ ಆವರಣದಲ್ಲಿರುವ ಈ ಶಾಲೆ, ಜೋಸೆಫ್ ಟೋಬಿನ್ ಮತ್ತು ಸಂಗಡಿಗರು ಜಪಾನ್, ಚೀನಾ, ಅಮೆರಿಕಗಳ ಶಿಶುವಿಹಾರಗಳನ್ನು ಚಿತ್ರೀಕರಿಸಿ ಬರೆದ ಪುಸ್ತಕಗಳಿಂದ ಪ್ರಸಿದ್ಧವಾಯಿತು. ಮೊದಲನೆಯದು 1989ರಲ್ಲಿ ಬಂತು, ಎರಡನೆಯದು 2009ರಲ್ಲಿ. ಎರಡನೆಯ ಪುಸ್ತಕದಲ್ಲಿ ಒಂದು ಕರಡಿ ಬೊಂಬೆಗಾಗಿ ಪುಟ್ಟ ಹುಡುಗಿಯರು ಎಳೆದಾಡುವ ದೃಶ್ಯವಿದೆ. ಎಳೆದಾಟ ಜೋರಾಗುತ್ತದೆ, ಹುಡುಗಿಯರು ನೆಲಕ್ಕುರುಳುತ್ತಾರೆ. ಟೀಚರ್ ಕೋಣೆಯ ಇನ್ನೊಂದು ಮೂಲೆಯಿಂದ "ಏಯ್, ಏಯ್" ಎಂಬರ್ಥದ ಜಪಾನಿ ಕೂಗೊಂದನ್ನು ಹಾಕುತ್ತಾರೆ, ಬರುವುದಿಲ್ಲ. ಸುತ್ತಲಿನ ಹುಡುಗಿಯರು ಜಗಳದೊಳಗೆ ಬಂದು ಮಾತು ಸೇರಿಸುತ್ತಾರೆ. ಕೊನೆಗೆ ಎಳೆದಾಡಿದವರಲ್ಲೇ ಒಬ್ಬಳು ಇನ್ನೊಬ್ಬಳ ಕೈ ಹಿಡಿದು ಆಚೆಗೆ ಕರೆದೊಯ್ದು, ಕಿರುಬೆರಳಿಗೆ ಕಿರುಬೆರಳು ಸೇರಿಸಿ, ಮಾತು ತಪ್ಪುವುದಿಲ್ಲವೆಂಬ ಹಾಡು ಹೇಳುತ್ತಾಳೆ.

ಇಂಥ ದೃಶ್ಯಗಳನ್ನು ಕಂಡ ಅಮೆರಿಕದ ಶಿಕ್ಷಕರಲ್ಲಿ ಹಲವರು ಕಸಿವಿಸಿಗೊಂಡರು, ಟೀಚರ್ ಕೆಲಸ ಮಾಡುತ್ತಿಲ್ಲವೆಂದರು. ಕ್ಯೋಟೋದ ಶಿಕ್ಷಕಿಯರ ವಿವರಣೆ ಬೇರೆ. ಈಗ ಮನೆಗಳಲ್ಲಿ ಒಂದೋ ಎರಡೋ ಮಕ್ಕಳು, ಜಗಳವಾಡಿ ಕಲಿಯಲು ಶಾಲೆಯಲ್ಲದೆ ಬೇರೆ ಜಾಗವಿಲ್ಲ, ಪೆಟ್ಟಾಗುವಂತಿದ್ದರೆ ನಾವು ಖಂಡಿತ ಎದ್ದು ಬರುತ್ತಿದ್ದೆವು ಎಂಬುದು ಅವರ ಮಾತಿನ ಸಾರ. ನನ್ನ ಗಮನವನ್ನು ಸೆಳೆಯುವುದು ಆ "ಏಯ್, ಏಯ್". ನಾನು ನೋಡುತ್ತಿದ್ದೇನೆ ಎಂಬುದು ಮಕ್ಕಳಿಗೆ ಅದರಿಂದ ತಿಳಿಯುತ್ತದೆ. ತೀರ್ಪು ಮಾತ್ರ ಅವರದೇ ಆಗಿ ಉಳಿಯುತ್ತದೆ. ಕಣ್ಣಳತೆಯಲ್ಲಿದ್ದು ಕಾಯುವುದಕ್ಕೂ ಬಿಟ್ಟುಬಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ಅದರ ಹಿಂದೆ ಪ್ರತಿ ಮಗುವನ್ನೂ ಬಲ್ಲ ಅನುಭವ ಬೇಕು.

ಕಣ್ಣಳತೆಯ ಕಾವಲು ಸಾಲದೆ ಹೋದಾಗ ಹತ್ತಿರ ಹೋಗಬೇಕಾಗುತ್ತದೆ. ಆಗೇನು ಮಾಡುವುದು? ಅಮೆರಿಕದ ಮಿಶಿಗನ್ ರಾಜ್ಯದ ಹೈಸ್ಕೋಪ್ ಸಂಸ್ಥೆ ರೂಪಿಸಿದ ವಿಧಾನ ಇಂದು ಅನೇಕ ದೇಶಗಳ ಶಿಶುವಿಹಾರಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಆರು ಹೆಜ್ಜೆಗಳಿವೆ. ಪಟ್ಟಿ ಮಾಡುವ ಬದಲು ಅದನ್ನು ನಮ್ಮದೇ ಒಂದು ಅಂಗನವಾಡಿಯ ಅಂಗಳದಲ್ಲಿ ಊಹಿಸಿಕೊಳ್ಳೋಣ. ಇರುವುದು ಒಂದೇ ಮೂರು ಚಕ್ರದ ಸೈಕಲ್ಲು. ಹುಡುಗ ಹತ್ತಿ ಕೂತಿದ್ದಾನೆ, ಹುಡುಗಿ ಹ್ಯಾಂಡಲ್ ಹಿಡಿದು ಎಳೆಯುತ್ತಿದ್ದಾಳೆ, ಅವನು ಅವಳ ಕೈಗೆ ಹೊಡೆಯುತ್ತಿದ್ದಾನೆ. ಟೀಚರ್ ಓಡದೆ ನಡೆದು ಬಂದು, ಮಂಡಿಯೂರಿ ಕೂತು, ಹ್ಯಾಂಡಲ್ ಮೇಲೆ ತಾವೂ ಕೈಯಿಡುತ್ತಾರೆ.

"ಹೊಡೆಯೋದು ಬೇಡ. ಸೈಕಲ್ಲನ್ನ ಸ್ವಲ್ಪ ಹೊತ್ತು ನಾನು ಹಿಡ್ಕೊಂಡಿರ್ತೀನಿ. ನಿಂಗೆ ಸಿಟ್ಟು ಬಂದಿದೆ ಅಲ್ವಾ? ನಿಂಗೆ ಅಳು ಬರ್ತಿದೆ."

ಇಬ್ಬರೂ ಒಟ್ಟಿಗೆ ಕೂಗುತ್ತಾರೆ. ಟೀಚರ್ ಕಾಯುತ್ತಾರೆ. ಉಸಿರು ಒಂದಿಷ್ಟು ಇಳಿದ ಮೇಲೆ, "ಏನಾಯ್ತು, ಹೇಳು."

"ಆಗ್ಲಿಂದ ಕಾಯ್ತಿದೀನಿ ಮಿಸ್, ಇವ್ನು ಕೊಡ್ತಾನೇ ಇಲ್ಲ."

"ನಾನು ಈಗ ಹತ್ತಿದ್ದು! ಇನ್ನೂ ಗೇಟ್ ತನ್ಕ ಹೋಗೇ ಇಲ್ಲ."

"ಇವಳಿಗೆ ಕಾದೂ ಕಾದೂ ಸಾಕಾಗಿದೆ. ಇವನಿಗೆ ಗೇಟಿನ ತನಕ ಹೋಗ್ಬೇಕು. ಸೈಕಲ್ ಒಂದೇ ಇದೆ. ಏನು ಮಾಡೋಣ?"

"ಅವ್ನು ಇಳೀಲಿ."

"ಅದೊಂದಾಯ್ತು. ಇನ್ನೇನು ಮಾಡ್ಬಹುದು?"

ಅಷ್ಟರಲ್ಲಿ ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮೂರನೆಯವನು ಹೇಳುತ್ತಾನೆ, "ಇವ್ಳು ಹಿಂದ್ಗಡೆ ನಿಂತ್ಕೊಳ್ಲಿ." ಹುಡುಗನ ಮುಖ ಅರಳುತ್ತದೆ. "ಬಸ್ ಆಟ! ನೀನು ಕಂಡಕ್ಟರು." ಹುಡುಗಿ ಒಂದು ಕ್ಷಣ ಯೋಚಿಸುತ್ತಾಳೆ. "ಗೇಟ್ ಹತ್ರ ನಾನು ಡ್ರೈವರ್ ಆಗ್ತೀನಿ." ಆಗಲಿ ಎನ್ನುತ್ತಾನೆ. ಬಸ್ಸು ಹೊರಡುತ್ತದೆ. ಟೀಚರ್ ಗೇಟಿನವರೆಗೂ ಹಿಂದೆಯೇ ನಡೆದು ಹೋಗುತ್ತಾರೆ, ಡ್ರೈವರ್ ನಿಜವಾಗಿಯೂ ಬದಲಾಗುವುದನ್ನು ನೋಡಲಿಕ್ಕೆ.

ಈ ಕೊನೆಯ ನಡಿಗೆಯೇ ಆರನೆಯ ಹೆಜ್ಜೆ, ಸಾಮಾನ್ಯವಾಗಿ ಮರೆತುಹೋಗುವುದೂ ಅದೇ. ಒಪ್ಪಂದವಾಯಿತೆಂದು ಟೀಚರ್ ತಿರುಗಿ ಹೋದರೆ ಗೇಟಿನ ಬಳಿ ಹುಡುಗ ಇಳಿಯದೆ ಇರಬಹುದು, ಆಗ ಮಾತಿನಿಂದ ಏನೂ ಆಗುವುದಿಲ್ಲ ಎಂಬ ಪಾಠವನ್ನು ಹುಡುಗಿ ಕಲಿಯುತ್ತಾಳೆ. ಇನ್ನೊಂದನ್ನೂ ಗಮನಿಸಿ. "ಯಾಕೆ ಹೊಡ್ದೆ?" ಎಂಬ ಪ್ರಶ್ನೆ ಇಡೀ ಮಾತುಕತೆಯಲ್ಲಿ ಎಲ್ಲೂ ಬರಲಿಲ್ಲ. ಯಾಕೆ ಎಂದು ಕೇಳಿದರೆ ಮಗು ಸಮರ್ಥನೆ ಹುಡುಕುತ್ತದೆ, ಏನಾಯಿತು ಎಂದು ಕೇಳಿದರೆ ನಡೆದದ್ದನ್ನು ನೆನಪಿಸಿಕೊಳ್ಳುತ್ತದೆ. ಟೀಚರ್ ತಾವಾಗಿ ಕೊಟ್ಟ ಪರಿಹಾರವೂ ಒಂದೂ ಇಲ್ಲ. "ಐದೈದು ನಿಮಿಷ ಸರದಿ" ಎಂದು ಅವರೇ ಹೇಳಿಬಿಟ್ಟಿದ್ದರೆ ಅಂಗಳಕ್ಕೆ ಬಸ್ಸು ಬರುತ್ತಿರಲಿಲ್ಲ.

ಒಂದಕ್ಕಿಂತ ಹೆಚ್ಚು ಪರಿಹಾರ ಹೊಳೆಯುವುದೇ ಇಲ್ಲಿ ಮುಖ್ಯ ಸಾಮರ್ಥ್ಯ ಎಂದು 1970ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ತೋರಿಸಿಕೊಟ್ಟವರು ಜಾರ್ಜ್ ಸ್ಪಿವಾಕ್ ಮತ್ತು ಮಿರ್ನಾ ಶ್ಯೂರ್. ಬಡ ಕುಟುಂಬಗಳ ನಾಲ್ಕು ವರ್ಷದ ಮಕ್ಕಳ ಜೊತೆ ಅವರು ಕೆಲಸ ಮಾಡಿದರು. ಅವರ ಪಾಠಕ್ರಮ ಆರಂಭವಾಗುವುದು ಜಗಳದಿಂದಲ್ಲ, ತೀರಾ ಸಾಮಾನ್ಯ ಮಾತುಗಳ ಆಟದಿಂದ. ಇದು ಅಥವಾ ಅದು, ಮೊದಲು ಮತ್ತು ಆಮೇಲೆ, ಈಗ ಮತ್ತು ಇನ್ನೊಂದು ಸಲ, ಅದೇ ಮತ್ತು ಬೇರೆ. ಟೋಪಿ, ಚೆಂಡು, ಚಿತ್ರಗಳನ್ನಿಟ್ಟುಕೊಂಡು ಈ ಮಾತುಗಳು ನಾಲಿಗೆಗೆ ಹತ್ತಿದ ಮೇಲೆ ಭಾವನೆಗಳ ಹೆಸರು, ಆಮೇಲೆ ಜಗಳ. ಆಗ "ನೀನು ತಳ್ಳಿದ್ದು ಅವಳು ಬೈಯೋ ಮೊದಲಾ ಆಮೇಲಾ?" ಎಂಬ ಪ್ರಶ್ನೆ ಮಗುವಿನ ಹಿಡಿತಕ್ಕೆ ಬರುತ್ತದೆ, "ಬೇರೆ ಏನು ಮಾಡಬಹುದಿತ್ತು?" ಎಂಬುದಕ್ಕೂ ಉತ್ತರ ಹೊಳೆಯುತ್ತದೆ. ತರಬೇತಿ ಪಡೆದ ಮಕ್ಕಳಲ್ಲಿ ಮುಂಗೋಪಿಗಳು ತಣಿದರು, ಅಂಜಿ ಹಿಂದೆ ನಿಲ್ಲುತ್ತಿದ್ದವರು ಮುಂದೆ ಬಂದರು. ಎರಡನೆಯದು ಮೊದಲನೆಯದರಷ್ಟೇ ಮುಖ್ಯ. ಯಾವಾಗಲೂ ಬಿಟ್ಟುಕೊಡುವ ಮಗುವನ್ನು ನಾವು "ತುಂಬಾ ಒಳ್ಳೆಯದು" ಎಂದು ಹೊಗಳಿ ಸುಮ್ಮನಾಗುತ್ತೇವೆ. ತನಗೆ ಬೇಕಾದದ್ದನ್ನು ಕೇಳಲು ಬಾರದ ಆ ಮಗುವಿಗೂ ಕಲಿಯುವುದು ಅಷ್ಟೇ ಇದೆ.

ಇಂಥ ಮಧ್ಯಸ್ಥಿಕೆ ಮನೆಗಳಲ್ಲೂ ನಡೆಯುತ್ತದೆ. ಕೆನಡಾದಲ್ಲಿ ಜೂಲಿ ಸ್ಮಿತ್ ಮತ್ತು ಹಿಲ್ಡಿ ರಾಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದರಿಂದ ಹತ್ತು ವರ್ಷದ ಮಕ್ಕಳಿರುವ 48 ಕುಟುಂಬಗಳಿದ್ದವು. ಅವುಗಳಲ್ಲಿ ಒಂದು ಗುಂಪಿನ ತಂದೆತಾಯಿಯರಿಗೆ, ತೀರ್ಪು ಕೊಡದೆ ಮಕ್ಕಳ ನಡುವೆ ಮಾತು ನಡೆಸಿಕೊಡುವುದನ್ನು ಕಲಿಸಲಾಯಿತು. ಅಂತಿಮ ನಿರ್ಧಾರ ಮಕ್ಕಳದೇ. ಅಂಥ ಮನೆಗಳಲ್ಲಿ ರಾಜಿ ಹೆಚ್ಚಾಯಿತು, ಮಕ್ಕಳಿಗೆ ಪರಸ್ಪರರ ವಾದ ಹೆಚ್ಚು ಅರ್ಥವಾಯಿತು. ದೊಡ್ಡ ಮಗುವೇ ಎಲ್ಲವನ್ನೂ ತೀರ್ಮಾನಿಸುವುದು ಕಡಿಮೆಯಾಗಿ ಚಿಕ್ಕದರ ಮಾತೂ ನಡೆಯತೊಡಗಿತು.

ಇನ್ನು ನಮಗೆಲ್ಲ ಅಭ್ಯಾಸವಾಗಿರುವ ಎರಡು ಮದ್ದುಗಳ ವಿಚಾರ: "ಸಾರಿ ಹೇಳು" ಮತ್ತು "ಹಂಚ್ಕೊಂಡು ಆಡು".

ವರ್ಜೀನಿಯಾ ವಿಶ್ವವಿದ್ಯಾಲಯದ ಮರಿಸ್ಸಾ ಡ್ರೆಲ್ ಮತ್ತು ವಿಕ್ರಮ್ ಜಸ್ವಾಲ್ ಆರೇಳು ವರ್ಷದ ಮಕ್ಕಳಿಗೆ ಲೋಟಗಳಿಂದ ಗೋಪುರ ಕಟ್ಟಲು ಹೇಳಿದರು. ಮುಗಿಯುವ ಹೊತ್ತಿಗೆ ಪಕ್ಕದಲ್ಲಿದ್ದ ದೊಡ್ಡವರೊಬ್ಬರು ಅದನ್ನು ಬೀಳಿಸುತ್ತಿದ್ದರು. ಕೆಲವರ ಕ್ಷಮೆ ಕೇಳಿದರು, ಕೆಲವರಿಗೆ ಏನೂ ಹೇಳಲಿಲ್ಲ, ಕೆಲವರಿಗೆ ಮತ್ತೆ ಕಟ್ಟಲು ಕೈಜೋಡಿಸಿದರು. ಕ್ಷಮೆ ಕೇಳಿಸಿಕೊಂಡ ಮಕ್ಕಳಿಗೆ ಆ ಹೊತ್ತಿನಲ್ಲಿ ಆದ ಬೇಸರ ಏನೂ ಕೇಳಿಸಿಕೊಳ್ಳದವರಿಗಿಂತ ಕಡಿಮೆಯಿರಲಿಲ್ಲ. ಕಟ್ಟಲು ನೆರವಾದಾಗ ಬೇಸರ ಇಳಿಯಿತು. 2016ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಕ್ಷಮೆ ವ್ಯರ್ಥ ಎಂಬ ಅರ್ಥವಿಲ್ಲ. ಆದರೆ ಬಿದ್ದದ್ದನ್ನು ಎತ್ತಿಕೊಡುವುದು, ಹರಿದದ್ದಕ್ಕೆ ಅಂಟು ಹಾಕುವುದು, ಗಾಯಕ್ಕೆ ಒದ್ದೆ ಬಟ್ಟೆ ತಂದುಕೊಡುವುದು ಮಗುವಿಗೆ ಮಾತಿಗಿಂತ ಬೇಗ ಅರ್ಥವಾಗುತ್ತದೆ. ಬಲವಂತದ ಕ್ಷಮೆಯಂತೂ ಇನ್ನೂ ಕಳಪೆ. ಕ್ರೇಗ್ ಸ್ಮಿತ್ ಮತ್ತು ಸಂಗಡಿಗರು 2018ರಲ್ಲಿ ವರದಿ ಮಾಡಿದಂತೆ, ಏಳು ವರ್ಷ ದಾಟಿದ ಮಕ್ಕಳು ಮನಸಾರೆ ಕೇಳಿದ ಕ್ಷಮೆ ಯಾವುದು, ದೊಡ್ಡವರು ಕತ್ತು ಹಿಡಿದು ಹೇಳಿಸಿದ್ದು ಯಾವುದು ಎಂದು ಸ್ಪಷ್ಟವಾಗಿ ಬೇರೆ ಮಾಡುತ್ತಾರೆ, ಎರಡನೆಯದರಿಂದ ನೊಂದವರಿಗೆ ಸಮಾಧಾನವಾಗುವುದಿಲ್ಲ ಎನ್ನುತ್ತಾರೆ.

ಹಂಚಿಕೊಳ್ಳುವ ವಿಷಯದಲ್ಲಿ ಮಕ್ಕಳ ನ್ಯಾಯ ನಮ್ಮದಕ್ಕಿಂತ ಕಟ್ಟುನಿಟ್ಟು. ಒಬ್ಬಳ ಬಣ್ಣದ ಕಡ್ಡಿ ಇನ್ನೊಬ್ಬನ ಕೈಯಲ್ಲಿದೆ, ಇಬ್ಬರಿಗೂ ಬೇಕು, ಯಾರಿಗೆ ಸಿಗಬೇಕು ಎಂದು ಕೇಳಿದರೆ ಪುಟ್ಟ ಮಕ್ಕಳು ವಸ್ತುವಿನ ಒಡತಿಯ ಪರ ನಿಲ್ಲುವುದು ದೊಡ್ಡವರಿಗಿಂತ ಹೆಚ್ಚು ಎಂದು ಕರೆನ್ ನಿಯರಿ ಮತ್ತು ಓರಿ ಫ್ರೀಡ್‌ಮನ್ 2014ರಲ್ಲಿ ತೋರಿಸಿದರು. ತನ್ನ ಹುಟ್ಟುಹಬ್ಬಕ್ಕೆ ಬಂದ ಕಾರನ್ನು ನೆಂಟರ ಹುಡುಗನಿಗೆ ಕೊಡೆಂದು ನಾವು ಕಿತ್ತು ಕೊಟ್ಟಾಗ ಮಗು ರಂಪ ಮಾಡುವುದನ್ನು ಸ್ವಾರ್ಥವೆಂದು ಕರೆಯುತ್ತೇವೆ. ಅದರ ಕಣ್ಣಿಗೆ ಅಲ್ಲಿ ನಡೆದದ್ದು ಅನ್ಯಾಯ. "ಇದು ನಿಂದೇ. ನೀನು ಆಡಿ ಆದ್ಮೇಲೆ ಅವನಿಗೆ ಕೊಡ್ತೀಯಾ?" ಎಂದು ಕೇಳಿ ನೋಡಿ. ಹಕ್ಕು ಭದ್ರವಾಗಿದೆಯೆಂದು ತಿಳಿದ ಕೈ ಬೇಗ ಸಡಿಲವಾಗುತ್ತದೆ. ಅಂಗನವಾಡಿಯ ಸೈಕಲ್ಲು ಯಾರದೂ ಅಲ್ಲ, ಹಾಗಾಗಿ ಅಲ್ಲಿ ಸರದಿಯ ನ್ಯಾಯ ಸರಿ. ಮನೆಯಲ್ಲಿ ಅದೇ ನ್ಯಾಯವನ್ನು ಕಣ್ಣುಮುಚ್ಚಿ ಹೇರುವಂತಿಲ್ಲ.

ಇಷ್ಟರವರೆಗೆ ಹೇಳಿದ್ದೆಲ್ಲ ಸರಿಸಮಾನರ ಜಗಳಕ್ಕೆ ಅನ್ವಯಿಸುವುದು. ಎಲ್ಲ ಘರ್ಷಣೆಯೂ ಹಾಗಿರುವುದಿಲ್ಲ. ನಾರ್ವೆಯ ಸಂಶೋಧಕ ಡಾನ್ ಓಲ್ವಿಯುಸ್ ದಬ್ಬಾಳಿಕೆಯನ್ನು ಗುರುತಿಸಲು ಕೊಟ್ಟ ಲಕ್ಷಣಗಳು ಮೂರು: ನೋಯಿಸುವ ಉದ್ದೇಶ, ಪದೇ ಪದೇ ನಡೆಯುವುದು, ಬಲದಲ್ಲಿ ಅಸಮತೆ. ಇವು ಕಂಡಲ್ಲಿ "ನೀವೇ ಮಾತಾಡಿ ಬಗೆಹರಿಸಿಕೊಳ್ಳಿ" ಎನ್ನುವುದು ಸೋತವರನ್ನು ಮತ್ತೆ ಸೋಲಿಸಿದಂತೆ. ನಮ್ಮ ನೆಲದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಒಂದು ಮಗುವಿನ ತಟ್ಟೆಯ ಪಕ್ಕ ಕೂರಲು ಇನ್ನೊಂದು ಒಲ್ಲೆನೆಂದರೆ, ಆಟಕ್ಕೆ ಯಾರನ್ನು ಸೇರಿಸಬಾರದೆಂಬುದು ಕೇರಿಯ ಹೆಸರಿನಿಂದ ತೀರ್ಮಾನವಾದರೆ, ಅದು ಆ ಮಕ್ಕಳ ಜಗಳವೇ ಅಲ್ಲ. ಮನೆಯಿಂದ ಹೊರಿಸಿ ಕಳಿಸಿದ್ದು. ಅಲ್ಲಿ ಇಬ್ಬರ ಮಾತನ್ನೂ ಸಮನಾಗಿ ಕೇಳಿಸಿಕೊಳ್ಳುವ ತಟಸ್ಥ ಟೀಚರ್ ಬೇಕಿಲ್ಲ, ಎದ್ದು ಬಂದು ಹೊರಗುಳಿದ ಮಗುವಿನ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಕೂರುವ ಟೀಚರ್ ಬೇಕು. ಕಿವಿ ಕೇಳದ, ಮಾತು ತೊದಲುವ, ನಡಿಗೆ ಕಷ್ಟವಾದ ಮಕ್ಕಳ ವಿಷಯದಲ್ಲೂ ಅಷ್ಟೇ. ಅವರ ಪರವಾಗಿ ಮಾತು ಒದಗಿಸದಿದ್ದರೆ ಮಾತುಕತೆಯಲ್ಲಿ ಅವರಿಗೆ ಪಾಲೇ ಇರುವುದಿಲ್ಲ.

ದಬ್ಬಾಳಿಕೆಗೆ ಸಿಕ್ಕಿ ಪೆಟ್ಟು ತಿಂದೂ ತಿಂದೂ ಬೆಳೆದ ಮಗು ಮುಂದೆ ಎಲ್ಲದರಲ್ಲೂ ಪೆಟ್ಟನ್ನೇ ಕಾಣಬಹುದು. ಕೆನೆತ್ ಡಾಜ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತುಂಡು ಜೋಡಿಸಿ ಮಾಡುತ್ತಿದ್ದ ಚಿತ್ರವನ್ನು ಇನ್ನೊಬ್ಬ ಹುಡುಗ ಕೆಡಿಸಿದ್ದು ಬೇಕೆಂದೋ ಕೈತಪ್ಪಿಯೋ ಎಂದು ಗೊತ್ತಾಗದಂತೆ ಸನ್ನಿವೇಶ ಕಟ್ಟಿದಾಗ, ಮೊದಲೇ ಜಗಳಗಂಟರೆನಿಸಿಕೊಂಡ ಹುಡುಗರು ಅದನ್ನು ಬೇಕೆಂದೇ ಮಾಡಿದ್ದೆಂದು ತೆಗೆದುಕೊಂಡರು. ಇಂಥ ಮಗುವಿಗೆ ಶಿಕ್ಷೆ ಹೆಚ್ಚಿಸಿದಷ್ಟೂ ಲೋಕದ ಬಗೆಗಿನ ಅದರ ಅನುಮಾನ ಗಟ್ಟಿಯಾಗುತ್ತದೆ. "ಕಾಲು ತಾಗಿರಬಹುದಾ? ಕೇಳಿ ನೋಡೋಣ ಬಾ" ಎಂದು ಕೈಹಿಡಿದು ಕರೆದೊಯ್ಯುವವರು ಅದಕ್ಕೆ ಬೇಕು.

ರಾಜಿ ಮಾಡಿಕೊಳ್ಳುವ ಗುಣ ಸಹವಾಸದಿಂದ ಬರುತ್ತದೆ ಎಂಬುದಕ್ಕೆ ಕೋತಿಗಳೂ ಸಾಕ್ಷಿ ನುಡಿದಿವೆ. ಉತ್ತರ ಭಾರತದ ಊರುಗಳಲ್ಲೆಲ್ಲ ಕಾಣುವ ರೀಸಸ್ ಕೋತಿ ಮುಂಗೋಪಿ, ಜಗಳವಾದ ಮೇಲೆ ರಾಜಿಗೆ ಬರುವುದು ಕಡಿಮೆ. ನಮ್ಮ ಈಶಾನ್ಯ ರಾಜ್ಯಗಳ ಕಾಡುಗಳಲ್ಲೂ ಇರುವ ಮೋಟುಬಾಲದ ಕೋತಿ ಜಗಳವಾದ ಕೂಡಲೇ ಹತ್ತಿರ ಬಂದು ಮುಟ್ಟಿ, ತಬ್ಬಿ ಸರಿಮಾಡಿಕೊಳ್ಳುವ ಜಾತಿ. ಫ್ರಾನ್ಸ್ ಡಿ ವಾಲ್ ಮತ್ತು ಡೆನಿಸ್ ಜೊಹನೋವಿಚ್ ಎಳೆಯ ರೀಸಸ್ ಮರಿಗಳನ್ನು ಐದು ತಿಂಗಳು ಮೋಟುಬಾಲದವುಗಳ ಜೊತೆ ಬೆಳೆಸಿದರು. ಮರಿಗಳು ರಾಜಿಗೆ ಬರುವ ಪ್ರಮಾಣ ಸುಮಾರು ಮೂರು ಪಟ್ಟಾಯಿತು. 1993ರ ಆ ವರದಿಯ ಬೆರಗಿನ ಭಾಗವೆಂದರೆ, ಗುರುಗಳನ್ನು ಬೇರೆ ಮಾಡಿದ ಮೇಲೂ ಮರಿಗಳು ತಮ್ಮತಮ್ಮಲ್ಲಿ ಅದನ್ನು ಉಳಿಸಿಕೊಂಡವು. ನಮ್ಮ ಮಕ್ಕಳಿಗೆ ಸಹವಾಸ ನಮ್ಮದೇ. ಮನೆಯಲ್ಲಿ ಅಪ್ಪ ಅಮ್ಮ ಜಗಳವಾಡಿದ್ದು ಮಕ್ಕಳ ಕಣ್ಣಿಗೆ ಬಿದ್ದೇ ಬೀಳುತ್ತದೆ. ಆಮೇಲೆ ಕೋಣೆಯೊಳಗೆ ಸರಿಹೋದದ್ದು ಬೀಳುವುದಿಲ್ಲ. ಅದನ್ನೂ ಮಕ್ಕಳ ಎದುರಿಗೇ ಮಾಡುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ.

ಇನ್ನು ಅಂಗನವಾಡಿಗಳ ಮಾತು. ಅವನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಆರಂಭವಾಯಿತು. ಇಂದು ರಾಜ್ಯದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ, ಮೂರರಿಂದ ಆರು ವರ್ಷದ ಮಕ್ಕಳಿಗೆ "ಚಿಲಿಪಿಲಿ" ಎಂಬ ಶಾಲಾಪೂರ್ವ ಪಠ್ಯಕ್ರಮವೂ ಇದೆ. ಮಕ್ಕಳ ಸಾಮಾಜಿಕ ಮತ್ತು ಭಾವನಾತ್ಮಕ ಬೆಳವಣಿಗೆಯನ್ನು 2022ರ ರಾಷ್ಟ್ರೀಯ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಕಲಿಕೆಯ ಗುರಿಗಳಲ್ಲೇ ಸೇರಿಸಿದೆ. ಕಾಗದದ ಮೇಲೆ ಕೊರತೆ ಕಾಣುವುದಿಲ್ಲ. ಆದರೆ ಸೈಕಲ್ಲಿನ ಜಗಳದಲ್ಲಿ ಟೀಚರ್ ಮಂಡಿಯೂರಿ ಕೂತಿದ್ದರಲ್ಲ, ಆ ನಾಲ್ಕು ನಿಮಿಷ ನಮ್ಮ ಕಾರ್ಯಕರ್ತೆಯರ ಬಳಿ ಇದೆಯೇ? ತೂಕ ನೋಡಬೇಕು, ಮೊಟ್ಟೆಯ ಲೆಕ್ಕ ಇಡಬೇಕು, ಗರ್ಭಿಣಿ ಬಾಣಂತಿಯರ ಮನೆಗೆ ಹೋಗಿಬರಬೇಕು, ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪಿಗೆ ಮಾಹಿತಿ ತುಂಬಬೇಕು. ಕ್ಯೋಟೋದ ಶಾಲೆಯಲ್ಲೂ ಒಬ್ಬ ಶಿಕ್ಷಕಿಗೆ ಮೂವತ್ತರ ಹತ್ತಿರ ಮಕ್ಕಳಿದ್ದರು, ಸಂಖ್ಯೆ ದೊಡ್ಡ ಅಡ್ಡಿಯಲ್ಲ. ಅಲ್ಲಿನ ಶಿಕ್ಷಕಿಯ ಕಣ್ಣು ಮಕ್ಕಳ ಮೇಲಿತ್ತು, ನಮ್ಮವರ ಕಣ್ಣನ್ನು ನಾವೇ ಮೊಬೈಲಿಗೆ ಕಟ್ಟಿಹಾಕಿದ್ದೇವೆ. ಮಕ್ಕಳು ಆಡುವ ಹೊತ್ತಿನಲ್ಲಿ ಕಾರ್ಯಕರ್ತೆಗೆ ಬೇರಾವ ಕೆಲಸವನ್ನೂ ಹಚ್ಚಬಾರದು ಎಂಬ ಒಂದು ಸುತ್ತೋಲೆ ಹೊರಟರೂ ದೊಡ್ಡ ಬದಲಾವಣೆಯಾದೀತು. ಜಗಳ ಬಿಡಿಸುವ ತರಬೇತಿ ನಡೆಯುವಾಗ ಸಹಾಯಕಿಯರನ್ನೂ ಕೂರಿಸಬೇಕು. ಕಾರ್ಯಕರ್ತೆ ಸಭೆಗೆ ಹೋದ ದಿನ ಅಂಗಳದಲ್ಲಿ ಮಕ್ಕಳ ಜೊತೆ ಉಳಿಯುವವರು ಅವರೇ.